ಹೂತ ಹೋರಿಯ ಚರ್ಮ

ಫೆಬ್ರುವರಿ ಹನ್ನೊಂದರ ಬೆಳಿಗ್ಗೆ ಎಂಟೂವರೆಗೆ ಚಿಂಚಣವಾಡಿಯ ಬಾಜೀರಾವ್ ಜಗದಾಳೆ ಠಾಣೆಗೆ ಬಂದು, ತನ್ನ ಓಟದ ಶರ್ಯತ್ತಿನ ಹೋರಿ ‘ವಾದಳ’ನನ್ನು ಯಾರೋ ವಿಷವಿಕ್ಕಿ ಕೊಂದಿದ್ದಾರೆ ಎಂದು ದೂರು ಕೊಟ್ಟ. ಜೊತೆಗೆ ಹೋರಿಯನ್ನು ಓಡಿಸುತ್ತಿದ್ದ ಅಣ್ಣನ ಮಗ ಸುಹಾಸ ಬಂದಿದ್ದ. ಅವನು ಬಾಗಿಲಲ್ಲೇ ನಿಂತಿದ್ದ. ಹವಾಲ್ದಾರ ದತ್ತೋಬಾ ಎಫ್‌ಐಆರ್ ಬರೆದುಕೊಂಡ. ಮಧ್ಯಾಹ್ನ ಪಶುವೈದ್ಯ ಡಾಕ್ಟರ್ ಪರಾಂಜಪೆ ಬಂದು, ಹೋರಿಯ ಕತ್ತಿನ ಮೇಲಿದ್ದ ಸಣ್ಣ ಗಾಯ ನೋಡಿ, ‘ಗುಲಗಂಜಿ ವಿಷದ ಶಂಕೆ’ ಎಂದು ಬರೆದುಕೊಟ್ಟರು. ಸಂಜೆ ಊರೆಲ್ಲ ಸೇರಿ, ಹಲಗೆ ಬಾರಿಸಿ, ಗುಲಾಲು ಎರಚಿ ಹೋರಿಯನ್ನು ಮಣ್ಣು ಮಾಡಿತು.

ಮಣ್ಣು ಮುಗಿಸಿ ಬರುತ್ತಲೇ, ಬಾಜೀರಾವ್ ಕೈ ತೋರಿಸಿದಂತೆ, ದತ್ತೋಬಾ ಡೋಹರ ಕೇರಿಯ ಸೋಪಾನ ಕಟಕೆಯನ್ನು ಬಂಧಿಸಿದ. ಹಿಂದಿನ ಸಂಜೆ ಸೋಪಾನ ಜಗದಾಳೆಯವರ ಕೊಟ್ಟಿಗೆಗೆ ಹೋಗಿದ್ದ. ಅವನ ಮನೆಯಲ್ಲಿ ಒಂದು ಡಬ್ಬಿ ಗುಲಗಂಜಿ ಸಿಕ್ಕಿತ್ತು. ಮೇಲಾಗಿ ಅವನ ಅಜ್ಜ ಚರ್ಮ ಹದ ಮಾಡುವವನು. ಇನ್ನೇನು ಬೇಕು?

ಸಹಾಯಕ ನಿರೀಕ್ಷಕಿ ವೈಜಯಂತಾ ಘಾರ್ಗೆ ರಜೆ ಮುಗಿಸಿ ಬಂದದ್ದು ಹದಿನಾಲ್ಕಕ್ಕೆ. ಠಾಣೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಜೋಳದ ಭಾಕ್ರಿಯ ಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಯಾರಬೇ ನೀ?”

“ಖೂನಿ ಆರೋಪಿ ಹೇಣ್ತಿರಿ, ಕೇರಾಬಾಯಿ. ಒಳಗ ಕುಂತಾನಲ್ಲ, ಹೋರಿ ಕೊಂದ ಶೂರ, ಅವನ ಹೇಣ್ತಿ. ಮನ್ಯಾಗ ಕೋಳಿ ಕೊಯ್ಯಂದ್ರ ಬಾಜೂ ಮನಿಯವ್ರನ್ನ ಕರ್ಕೊಂಡ ಬರಾಂವ. ಹದಿನೇಳಕ್ಕ ದೊಡ್ಡ ಜೇಲಿಗೆ ಒಯ್ತಾರಂತ. ಈಗಾಗ್ಲೇ ಊರಾಗ ಒಬ್ರೂ ಕೆಲಸಾ ಕೊಡವಲ್ರು.”

ವೈಜಯಂತಾ ಕಡತ ಓದಿ ದತ್ತೋಬಾನನ್ನು ಕರೆದಳು.

“ಯಾಕ ಕೊಂದ?”

“ಚರ್ಮಕ್ಕರಿ ಮ್ಯಾಡಂ. ತಲತಲಾಂತರದಿಂದ ಅವ್ರ ಧಂದಾನ ಅದು. ನಮ್ಮ ತರಬೇತಿಯಾಗೂ ಹೇಳ್ಯಾರ.”

“ಚರ್ಮ ಎಲ್ಲದ?”

“ಯಾ ಚರ್ಮರಿ?”

“ಹೋರೀದು. ಯಾರು ಒಯ್ದ್ರು?”

ದತ್ತೋಬಾ ಟೋಪಿ ತೆಗೆದು ನೆತ್ತಿ ಕೆರೆದುಕೊಂಡ. “ಹೋರಿ ಮೈಮ್ಯಾಲ ಇತ್ತಲ್ರಿ… ಹಂಗಽ ಮಣ್ಣಾತು.”

“ನೀ ನೋಡಿದ್ಯಾ?”

“ಗುಲಾಲು ಹಾಕಿದಾಂವ ನಾನಽ ರಿ.”

ವೈಜಯಂತಾ ನಗಲಿಲ್ಲ. ಸೋಪಾನನನ್ನು ಕರೆಸಿ ಕೂರಿಸಿದಳು. ಕುರ್ಚಿಯ ತುದಿಯಲ್ಲಿ ಕೂತ ಅವನು ಪ್ರಶ್ನೆ ಮುಗಿಯುವ ಮೊದಲೇ “ಇಲ್ರಿ” ಎಂದ.

“ಏನ್ ಕೆಲಸ ಮಾಡ್ತಿ ಅಂತ ಕೇಳಿದ್ನೋ.”

“ಹಾಂ… ಹೋರಿ ಶೃಂಗಾರದ ಸಾಮಾನು ಹೊಲೀತೀನ್ರಿ. ಹಣೆಪಟ್ಟಿ, ಜೂಲು, ಗೆಜ್ಜಿಪಟ್ಟಿ. ಎಲ್ಲಾ ರೆಕ್ಸಿನ್ನು, ನೈಲಾನು. ಚರ್ಮ ನಮ್ಮಪ್ಪನ ಕಾಲಕ್ಕಽ ಬಿಟ್ಟೇತ್ರಿ.”

“ಗುಲಗಂಜಿ?”

“ಹಣೆಪಟ್ಟಿಗೆ ಪೋಣಿಸ್ತೀನ್ರಿ, ದೃಷ್ಟಿ ತಾಗಬಾರ್ದಂತ. ನನ್ನ ಡಬ್ಬಿಕಿಂತ ಜಗದಾಳೆಯವ್ರ ಹೋರಿಗೋಳ ಹಣಿಮ್ಯಾಲ ಜಾಸ್ತಿ ಅದಾವು. ಆವತ್ತು ಸಂಜೀಕ ಹೋಗಿದ್ದೂ ವಾದಳಗ ಹೊಸಾ ಪಟ್ಟಿ ಅಳತಿ ತಗೊಳ್ಳಾಕ. ಮಾಲಕರಽ ಕರೆದಿದ್ರು.”

“ಇದನ್ನ ಮೊದಲ ಯಾಕ ಹೇಳಲಿಲ್ಲ?”

“‘ಕೊಂದಿಯೇನ್’ ಅಂತ ಹವಾಲ್ದಾರ ಸಾಹೇಬ್ರು ಕೇಳಿದ್ರು. ಇಲ್ಲಂದೆ. ಮತ್ತ ಅದನ್ನಽ ಕೇಳಿದ್ರು.”

ಮಧ್ಯಾಹ್ನ ಅವಳು ಪಶು ಆಸ್ಪತ್ರೆಗೆ ಹೋದಳು. ಡಾಕ್ಟರ್ ಪರಾಂಜಪೆ ಕೆಟ್ಟ ಮನುಷ್ಯರಲ್ಲ. ತಾವಾಗಿಯೇ ಚಹಾ ತರಿಸಿ, ಕಪಾಟಿನಿಂದ ದಪ್ಪ ಪುಸ್ತಕವನ್ನೂ ತೆಗೆದು ತೋರಿಸಿದರು. ಗುಲಗಂಜಿ ಅರೆದು, ಮುಳ್ಳಿನಂತೆ ಒಣಗಿಸಿ, ದನದ ಮೈಗೆ ಚುಚ್ಚಿ ಕೊಲ್ಲುವುದು ಚರ್ಮದ ಕೆಲಸದವರ ರೂಢಿ ಎಂದು ಅದರಲ್ಲಿತ್ತು.

“ಇದನ್ನ ಬರೆದವ್ರು ಕಣ್ಣಾರೆ ನೋಡಿದ್ರಾ ಡಾಕ್ಟ್ರ?”

“ಅವ್ರು ಅದಕ್ಕಿಂತ ಹಳೇ ಪುಸ್ತಕ ನೋಡಿದ್ರು. ಅದು ಬ್ರಿಟಿಷರ ಕಾಲದ್ದು.”

“ನಿಮ್ಮ ಸರ್ವಿಸಿನಾಗ ಇಂಥಾದ್ದು ಒಂದಾದ್ರೂ ನೋಡೀರಾ?”

“ಇಲ್ಲ.”

“ವಾದಳನ್ನ ಕೊಯ್ದು ನೋಡಿದ್ರ್ಯಾ?”

ಅವರು ಚಹಾ ಕಪ್ಪನ್ನು ಕೆಳಗಿಟ್ಟರು. “ವಿಷ ಅಂತ ಪೊಲೀಸರಽ ಹೇಳಿದ್ರಲ್ರಿ. ಊರೆಲ್ಲಾ ಹೆಣದ ಮುಂದ ಅಳಕೋತ ನಿಂತಿತ್ತು. ಕೊಯ್ಯೋದು ಬ್ಯಾಡ ಅನಿಸ್ತು.”

ವಿಷವೆಂದು ದತ್ತೋಬಾ ಬರೆದದ್ದು ಬಾಜೀರಾವನ ಮಾತು ಕೇಳಿ. ಗುಲಗಂಜಿ ಎಂದು ಡಾಕ್ಟರು ಬರೆದದ್ದು ದತ್ತೋಬಾ ವಿಷ ಅಂದದ್ದನ್ನು ಕೇಳಿ. ಸೋಪಾನನ ಮೇಲೆ ಬಾಜೀರಾವ್ ಕೈ ತೋರಿಸಿದ್ದು ಡಾಕ್ಟರು ಗುಲಗಂಜಿ ಅಂದ ಮೇಲೆ. ಮೂರು ಕಂಬ ಒಂದಕ್ಕೊಂದು ಒರಗಿ ಚಪ್ಪರವಾಗಿ ನಿಂತಿದ್ದವು, ಒಂದನ್ನೂ ನೆಲಕ್ಕೆ ಹೂತಿರಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಪಂಚರ ಸಮಕ್ಷಮ ಗುಂಡಿ ತೆಗೆಸಿದರು. ಮೂಗಿಗೆ ಟವೆಲ್ಲು ಕಟ್ಟಿಕೊಂಡು ಡಾಕ್ಟರೇ ಕೆಳಗಿಳಿದರು. ಬಹಳ ಹೊತ್ತಿನ ಮೇಲೆ ಕತ್ತಿನ ಮಾಂಸದೊಳಗಿಂದ ಚಿಮಟದಲ್ಲಿ ಒಂದು ಚೂರು ಎತ್ತಿ ಬಿಸಿಲಿಗೆ ಹಿಡಿದರು. ಮುರಿದ ಇಂಜೆಕ್ಷನ್ ಸೂಜಿ.

“ಗುಲಗಂಜಿ ಅಲ್ಲ,” ಎಂದರು. ಹೃದಯದ ತುಂಡು, ರಕ್ತ ಹೆಪ್ಪುಗಟ್ಟಿದ ಮಾಂಸ ಎಲ್ಲಕ್ಕೂ ಮೊಹರು ಹಾಕಿ ಪುಣೆಯ ಪ್ರಯೋಗಾಲಯಕ್ಕೆ ಕಳಿಸಲು ಕೊಟ್ಟರು. ಪಂಚನಾಮೆಯಾದ ಮೇಲೆ ತಮ್ಮ ಹಳೆಯ ವರದಿ ಕೇಳಿ ಪಡೆದು, ಅದರ ಕೆಳಗೆ, ‘ಮೊದಲು ಬರೆದದ್ದು ಪರೀಕ್ಷಿಸದೆ ಬರೆದದ್ದು. ಸಾವಿನ ಕಾರಣ ಸದ್ಯ ತಿಳಿದಿಲ್ಲ’ ಎಂದು ಬರೆದು ರುಜು ಹಾಕಿದರು. ಬರೆದು ಮುಗಿಸಿದವರ ಮುಖ ಹಗುರವಾಗಿತ್ತು.

ಹದಿನೇಳಕ್ಕೆ ವೈಜಯಂತಾ ಸೋಪಾನನ ವಿರುದ್ಧ ಸಾಕ್ಷ್ಯವಿಲ್ಲವೆಂದು ನ್ಯಾಯಾಲಯಕ್ಕೆ ವರದಿ ಕೊಟ್ಟಳು. ಮುಚ್ಚಳಿಕೆ ಬರೆಸಿಕೊಂಡು ಅವನನ್ನು ಬಿಟ್ಟರು. ಕೇರಾಬಾಯಿ ಅಲ್ಲಿ ಅಳಲಿಲ್ಲ. “ನಡಿ, ಮೀಸಿ ಬೋಳಿಸ್ಕೋ. ಖರೇನ ಕಳ್ಳನಂಗ ಕಾಣಾಕತ್ತಿ,” ಎಂದಳು.

ಹಾಗಾದರೆ ಇಂಜೆಕ್ಷನ್ ಕೊಟ್ಟವರಾರು? ವೈಜಯಂತಾಳಿಗೆ ಉತ್ತರ ಸುಲಭವಾಗಿಯೇ ತೋಚಿತು. ಗೆಲ್ಲುವ ಹೋರಿಗೆ ಸೋಲುವವನೇ ವೈರಿ. ಹೊಳೆಯಾಚೆಯ ಸಂಪತ್ ಖರಾತನ ಹೋರಿ ವಾದಳನಿಗೆ ಹಳೆಯ ಎದುರಾಳಿ. ಅವಳು ದತ್ತೋಬಾನೊಂದಿಗೆ ಜೀಪು ಹತ್ತಿ ಅವನ ಗೋದಿ ಹೊಲಕ್ಕೇ ಹೋದಳು. ಸಂಪತ್ ಬಗ್ಗಿ ನೀರು ತಿರುವುತ್ತಿದ್ದವನು ನೆಟ್ಟಗಾಗಿ ನಿಂತು ಬಾಯ್ತುಂಬ ನಕ್ಕ.

“ನಾ ಯಾಕ ಕೊಲ್ಲಲಿ ತಾಯಿ? ಈ ವರ್ಸ ವಾದಳ ಎಲ್ಲಿ ಗೆದ್ದಾನ? ಯಾವ ಮೈದಾನಕ್ಕ ಹೋದ್ರೂ ನನ್ನ ಹೋರಿ ಬಾಲಾ ನೋಡ್ಕೋತ ಬಂದಾನ. ಅವನು ನೂರು ವರ್ಸ ಬದುಕ್ಲಿ, ಓಡ್ಲಿ ಅಂತ ನಮ್ಮ ಖಂಡೋಬಾಗ ಬೇಡ್ಕೊಳ್ಳಾಂವ ನಾನು!”

“ಊರಾಗೆಲ್ಲಾ ಛಾಂಪಿಯನ್ ಅಂತಾರಲ್ಲ?”

“ಅಂತಾರ. ಅನ್ನಾಕ ರೊಕ್ಕಾ ಬೀಳ್ತದೇನ್ರಿ?”

ಜೀಪು ತಿರುಗಿದಾಗ ವೈಜಯಂತಾ ದತ್ತೋಬಾನಿಗೆ ಹೇಳಿದಳು: “ನಾನೂ ನಿನ್ನಂಗಽ ಮಾಡಿದೆ ನೋಡು. ಗೆಲ್ಲೂ ಹೋರಿ ಅಂತ ಯಾರೋ ಅಂದ್ರು, ನಾ ಅಲ್ಲಿಂದಽ ಶುರು ಮಾಡಿದೆ.”

“ಹೋಗ್ಲಿ ಬಿಡ್ರಿ. ನೀವು ಯಾರನ್ನೂ ಒಳಗ ಹಾಕಲಿಲ್ಲಲ್ಲ,” ಎಂದ ದತ್ತೋಬಾ. ಸ್ವಲ್ಪ ದೂರ ಹೋದ ಮೇಲೆ, “ಸೋಲೂ ಹೋರಿಗೆ ಇಂಜೆಕ್ಷನ್ ಕೊಡಾಂವ ವೈರಿ ಅಲ್ರಿ. ಗೆಲ್ಲಲಿ ಅನ್ನಾಂವ,” ಎಂದ. ಅವಳು ಅವನತ್ತ ತಿರುಗಿ ನೋಡಿ, ಜೀಪನ್ನು ನೇರ ಚಿಂಚಣವಾಡಿಗೆ ಬಿಡಲು ಹೇಳಿದಳು.

ಸುಹಾಸ ಕೊಟ್ಟಿಗೆಯಲ್ಲಿ ಬರಿದಾದ ಗೂಟದ ಪಕ್ಕ ಮೇವಿನ ಕಣಿಕೆ ಕತ್ತರಿಸುತ್ತಿದ್ದ.

“ವಾದಳ ಯಾವಾಗಿಂದ ಸೋಲ್ತಿದ್ದ?”

“ದೀಪಾವಳಿಯಿಂದ್ರಿ.”

“ಸತ್ತ ಹಿಂದಿನ ಸಂಜಿ ಓಡಿಸಿದ್ಯಾ?”

“ಹೂಂ.”

“ಹೆಂಗ ಓಡಿದ?”

ಕುಡುಗೋಲು ನಿಂತಿತು. “ಗಾಳೀ ಹಂಗ ಓಡಿದ್ರಿ. ಮೊದಲಿನ ವಾದಳನಂಗಽ. ಕಾಕಾ ಖುಷಿಯಾಗಿ ಹೊಸಾ ಹಣೆಪಟ್ಟಿಗೆ ಹೇಳಿ ಕಳಿಸಿದ್ರು.”

“ಒಂದಽ ದಿನದಾಗ ಅಷ್ಟ್ ಜೋರು ಹೆಂಗ ಬಂತು?”

ಅವನು ಕತ್ತರಿಸಿದ ಕಣಿಕೆಯನ್ನು ಒಟ್ಟುಗೂಡಿಸತೊಡಗಿದ.

“ಸೂಜಿ ಸಿಕ್ಕದ ಸುಹಾಸ. ಸೀಸೆ ಎಲ್ಲದ?”

ಸುಹಾಸ ಎದ್ದು ಸೂರಿನ ಗರಿಗಳ ಸಂದಿಗೆ ಕೈ ಹಾಕಲು ಹೋದ. ವೈಜಯಂತಾ ತಡೆದು, ಪಂಚರನ್ನು ಕರೆಸಿದ ಮೇಲೆ ತೆಗೆಸಿದಳು. ಪೊಲೀಸರ ಮುಂದೆ ಆಡಿದ ಮಾತು ನ್ಯಾಯಾಲಯದಲ್ಲಿ ನಿಲ್ಲದು, ಸೀಸೆಯಾದರೆ ನಿಲ್ಲುತ್ತದೆ. ಜಪ್ತಿ ಪಂಚನಾಮೆ ಮುಗಿದಾಗ ಸಂಜೆ ನಾಲ್ಕೂಕಾಲು. ಭಾರತೀಯ ನ್ಯಾಯ ಸಂಹಿತೆಯ ಕಲಂ 325ರಡಿ, ಫೆಬ್ರುವರಿ ಹತ್ತೊಂಬತ್ತರಂದು ಸುಹಾಸ ಜಗದಾಳೆಯನ್ನು ಬಂಧಿಸಲಾಯಿತು. ಸೀಸೆಯಲ್ಲಿದ್ದ, ಹೃದಯವನ್ನು ಮಿತಿಮೀರಿ ದುಡಿಸುವ ಅದೇ ಔಷಧಿ ಹೋರಿಯ ಮಾಂಸದಲ್ಲಿಯೂ ಇತ್ತೆಂದು ಪುಣೆಯಿಂದ ಆಮೇಲೆ ವರದಿ ಬಂತು.

ಜೀಪು ಹತ್ತುವ ಮುನ್ನ ಸುಹಾಸ ತಾನಾಗಿಯೇ ಬಾಯಿ ಬಿಟ್ಟ. ತಾಯಿ ಸತ್ತ ಕರುವಾಗಿದ್ದಾಗ ವಾದಳನಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವನು ಅವನೇ. ಸೋತ ಹೋರಿಯನ್ನು ಕಾಕಾ ಮನೆಯಲ್ಲಿ ಇಟ್ಟುಕೊಂಡವರಲ್ಲ. ಹೋಳಿಗೆ ಮೊದಲಿನ ಸಂತೆಗೆ ವಾದಳನನ್ನು ಹೊಡೆದುಕೊಂಡು ಹೋಗಿ ಮಾರುವುದೆಂದು ಮಾತಾಗಿತ್ತು. “ಒಂದ್ ಸಲಾ ಗೆದ್ರ ಮನ್ಯಾಗ ಉಳೀತಿದ್ದ ಅಂತ ಚುಚ್ಚಿದೆ… ಅಷ್ಟಽ ರಿ.” ಸೋಪಾನನನ್ನು ಹಿಡಿದೊಯ್ದಾಗ ಯಾಕೆ ಸುಮ್ಮನಿದ್ದೆ ಎಂದು ಕೇಳಿದ್ದಕ್ಕೆ ತಲೆ ತಗ್ಗಿಸಿದ. “ಡಾಕ್ಟ್ರು ಗುಲಗಂಜಿ ಅಂದಾಗ ನನಗೂ ಅದಽ ಖರೆ ಅನಿಸ್ತ್ರಿ. ಖರೆ ಇರ್ಲಿ ಅನಿಸ್ತು.”

ಬಾಜೀರಾವ್ ತಲೆಯ ಪಟಗಾ ಬಿಚ್ಚಿ ಕೈಯಲ್ಲಿ ಹಿಡಿದು ಜೀಪಿನ ಪಕ್ಕ ನಿಂತಿದ್ದ.

“ಮ್ಯಾಡಂ, ಮನೀ ಹುಡುಗ. ದೂರು ವಾಪಸ್ ತಗೋತೀನ್ರಿ.”

“ಅದನ್ನ ನ್ಯಾಯಾಲಯಕ್ಕ ಹೇಳ್ರಿ. ಅದಕ್ಕೂ ಮೊದಲ ಸೋಪಾನನ್ನ ಕೇಳ್ಕೊಂಡ ಬರ್ರಿ. ಆರು ದಿನಾ ಒಳಗ ಕುಂತು ಬಂದಾಂವ ಅವನು.”

ಜೀಪು ಹೊರಟ ಮೇಲೂ ಬಾಜೀರಾವ್ ಸ್ವಲ್ಪ ಹೊತ್ತು ಧೂಳಿನಲ್ಲಿ ನಿಂತಿದ್ದ. ಆಮೇಲೆ ಓಣಿ ಇಳಿದು ಹೋದ. ಹುಟ್ಟಿದಾಗಿನಿಂದ ಅದೇ ಊರಿನಲ್ಲಿದ್ದರೂ ಡೋಹರ ಕೇರಿಯ ಬಾಯಲ್ಲಿ ಅವನು ನಿಂತು ದಾರಿ ಕೇಳಬೇಕಾಯಿತು. ನಲ್ಲಿಯ ಮುಂದಿದ್ದ ಹೆಂಗಸರು ಕೊಡ ತುಂಬಿಸುವುದನ್ನು ಬಿಟ್ಟು, ನೀಲಿ ಬಾಗಿಲಿನ ಮನೆಯತ್ತ ಕೈ ಮಾಡಿದರು. ಬಾಗಿಲಲ್ಲಿ ಕೇರಾಬಾಯಿ ನಿಂತಿದ್ದಳು. ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು.

ಬಾಜೀರಾವ್ ಚಪ್ಪಲಿ ಬಿಟ್ಟ. “ಸೋಪಾನ ಅದಾನೇನಬೇ ತಂಗಿ?”

ಕೇರಾಬಾಯಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

“ಅದಾನ. ಒಳಗ ಬಂದು ಕುಂತು ಮಾತಾಡ್ರಿ. ತಲಿ ಬಗ್ಗಿಸ್ರಿ, ಬಾಗಲಾ ಸಣ್ಣದದ.”