ಕವರು ಬಿಚ್ಚದ ಸಾಮಾನು

ಬಾಗಿಲು ತೆಗೆದ ಜೀನತ್ ಅದನ್ನು ಅರ್ಧಕ್ಕೇ ಹಿಡಿದು ನಿಂತುಬಿಟ್ಟಳು. ಹೊಸ್ತಿಲಾಚೆ ನಿಂತಿದ್ದವನು ನಯಾಜ್. ಕಿವಿಯ ಹಿಂದೆ ಪೆನ್ಸಿಲ್ಲು, ಕೈಯಲ್ಲಿ ಅಳತೆ ಟೇಪು. ಹದಿನೈದು ವರ್ಷದಿಂದ ಕೆ.ಆರ್. ಪೇಟೆಯ ಯಾವ ಬೀದಿಯಲ್ಲಿ ಕಂಡರೂ ಅವಳು ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಒಬ್ಬನೇ ಗಂಡಸು.

"ದ್ಯಾವಮ್ಮ ಕಳಿಸಿದ್ರು. ಶೆಲ್ಫ್ ಹಾಕ್ಬೇಕಂತೆ," ಅಂದ.

"ಕಾರ್ಪೆಂಟರು ಬತ್ತಾರೆ ಅಂದ್ರು. ನೀವು ಅಂತ ಹೇಳ್ನಿಲ್ಲ."

"ನಿಮ್ಮನೆ ಅಂತ ನಂಗೂ ಹೇಳ್ನಿಲ್ಲ. ಹೇಳಿದ್ರೆ ಶರ್ಟಾದ್ರೂ ಬದ್ಲಾಯಿಸ್ಕೊಂಡು ಬತ್ತಿದ್ದೆ."

ಅವಳು ನಗಲಿಲ್ಲ. ಆದರೆ ಕಣ್ಣು ಮಾತ್ರ ಹೇಳದೆ ಕೇಳದೆ ಅವನ ಶರ್ಟಿನ ಮೇಲೆ ಹೋಗಿ, ಮರದ ಹುಡಿ ಹತ್ತಿದ ಕಾಲರನ್ನೂ ಕಿವಿಯ ಪಕ್ಕ ನರೆತ ನಾಲ್ಕು ಕೂದಲನ್ನೂ ನೋಡಿಕೊಂಡು ವಾಪಸ್ಸು ಬಂತು. ಅವನಿಗೆ ಅದು ಗೊತ್ತಾಯಿತು. ಗೊತ್ತಾದದ್ದು ಅವಳಿಗೂ ಗೊತ್ತಾಗಿ, ಬಾಗಿಲನ್ನು ಇನ್ನಷ್ಟು ಗಟ್ಟಿ ಹಿಡಿದಳು.

ಅಟ್ಟಿಬಿಡಬಹುದಿತ್ತು. ಆದರೆ ಅವತ್ತು ಮಂಗಳವಾರ. ಲಕ್ವ ಹೊಡೆದು ಹನ್ನೆರಡು ದಿನದಿಂದ ಮೈಸೂರಿನ ಆಸ್ಪತ್ರೆಯಲ್ಲಿದ್ದ ಅಮ್ಮಿ, ಮೆಹಬೂಬ್ ಬೀ, ಶುಕ್ರವಾರ ಮನೆಗೆ ಬರುವವಳಿದ್ದಳು. ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತು ನಿಂತುಹೋಗಿತ್ತು. ನರ್ಸು ಸ್ಪಷ್ಟವಾಗಿ ಹೇಳಿದ್ದಳು: ಮಂಚದ ಎರಡೂ ಕಡೆ ಆಳು ನಿಲ್ಲುವಷ್ಟು ಜಾಗ ಇರಬೇಕು, ಎರಡು ಗಂಟೆಗೊಮ್ಮೆ ಇಬ್ಬರು ಸೇರಿ ಹೊರಳಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತೆ. ವೀಲ್‌ಚೇರ್ ಓಡಾಡಲು ಮೂರಡಿ ದಾರಿ ಬೇಕು. ಜಾಗ ಆಗದಿದ್ದರೆ ಹೇಳಿ, ಬೇರೆ ಎಲ್ಲಾದರೂ ಸೇರಿಸಿ ಅಂದಿದ್ದಳು. ಆ ಮನೆಯಲ್ಲಿ ಮೂರು ಗೇಣಿನ ದಾರಿಯೂ ಇರಲಿಲ್ಲ.

"ಒಳಗೆ ಬನ್ನಿ," ಅಂದಳು ಜೀನತ್. "ಚಪ್ಲಿ ಅಲ್ಲೇ ಬುಡಿ. ಒಳಗೆ ಬುಡಾಕೆ ಜಾಗ ಇಲ್ಲ."

ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮಿಷನ್ನು, ಸುತ್ತಿಟ್ಟ ಎರಡು ಚಾಪೆ. ಹಿಂದಿನ ಕೋಣೆಯ ತುಂಬ ಜಹೇಜು, ಅಂದರೆ ಮದುವೆಯಲ್ಲಿ ಮಗಳ ಜೊತೆ ಕಳಿಸಲು ಅಮ್ಮಿ ಕೂಡಿಸಿಟ್ಟ ಸಾಮಾನು. ಮಂಚ, ಬೀರು, ಡ್ರೆಸ್ಸಿಂಗ್ ಟೇಬಲ್ಲು, ಅರವತ್ತು ಸ್ಟೀಲ್ ತಟ್ಟೆ, ಹನ್ನೊಂದು ರಜಾಯಿ, ಮೂರು ಮಿಕ್ಸಿ. ನೆಲದಿಂದ ಸೂರಿನವರೆಗೆ. ಒಂದರ ಕವರನ್ನೂ ಬಿಚ್ಚುವ ಹಾಗಿರಲಿಲ್ಲ. ಮದುವೆಗೆ ಮುಂಚೆ ಬಳಸಿದರೆ ಅದು ಜಹೇಜೇ ಅಲ್ಲ, ಹಳೆ ಸಾಮಾನು ಅನ್ನುವುದು ಅಮ್ಮಿಯ ಕಟ್ಟುನಿಟ್ಟು. ಒಂಬತ್ತು ವರ್ಷದ ಹಿಂದೆ ತಂದ ಫ್ರಿಜ್ಜು ಇನ್ನೂ ಡಬ್ಬದಲ್ಲೇ ನಿಂತಿತ್ತು. ಕರೆಂಟಿನ ಮುಖ ನೋಡುವ ಮೊದಲೇ ಅದರ ವಾರಂಟಿ ಮುಗಿದಿತ್ತು. ತಾಯಿ ಮಗಳು ಮಾತ್ರ ಎರಡು ಸೊಟ್ಟ ತಟ್ಟೆಯಲ್ಲಿ ಉಂಡು, ಮಡಕೆಯ ನೀರು ಕುಡಿದು, ಮಿಷನ್ನಿನ ಕಾಲ ಬುಡದಲ್ಲಿ ಮಲಗುತ್ತಿದ್ದರು.

ಗಂಡುಗಳು ಬರಲಿಲ್ಲವೆಂದಲ್ಲ. ಬಂದಾಗಲೆಲ್ಲ ಅಮ್ಮಿ, "ಬೀರು ಒಂದು ಆಗ್ಲಿ," ಅನ್ನುತ್ತಿದ್ದಳು. ಬೀರು ಬಂದ ಮೇಲೆ ಫ್ರಿಜ್ಜು. ಫ್ರಿಜ್ಜು ಬರುವಷ್ಟರಲ್ಲಿ ಬೀರು ಹಳೆ ಮಾಡೆಲ್ಲು. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅನ್ನುವ ಗಾದೆ ಯಾರ ಮನೆ ನೋಡಿ ಹುಟ್ಟಿತೋ, ಈ ಮನೆಗಂತೂ ಸರಿಯಾಗಿ ಒಪ್ಪುತ್ತಿತ್ತು. ಜೀನತ್‌ಗೆ ಈಗ ಮೂವತ್ತೊಂಬತ್ತು.

ನಯಾಜ್ ಹಿಂದಿನ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತ. ಟೇಪನ್ನು ಜೇಬಿಗೆ ಹಾಕಿಕೊಂಡ.

"ಶೆಲ್ಫ್ ಬ್ಯಾಡ," ಅಂದ.

"ಶೆಲ್ಫ್ ಹಾಕಾಕೆ ಬಂದೋರು ನೀವು."

"ಅದಕ್ಕೇ ಹೇಳ್ತಿರೋದು. ಇಪ್ಪತ್ತು ವರ್ಷದಿಂದ ಊರೋರ ಮನೆಗೆಲ್ಲ ಶೆಲ್ಫ್ ಹಾಕಿದೀನಿ. ಶೆಲ್ಫ್ ಹಾಕಿದ್ರೆ ಸಾಮಾನು ಕಮ್ಮಿ ಆಗಲ್ಲ, ಮರಿ ಹಾಕ್ತವೆ. ಮೊದ್ಲು ಖಾಲಿ ಮಾಡ್ಬೇಕು. ಉಳಿದದ್ದು ಎಷ್ಟು ಅಂತ ನೋಡಿ ಆಮೇಲೆ ಅಳತೆ."

"ಖಾಲಿ ಮಾಡಾಕೆ ನೀವ್ಯಾರು?"

"ಯಾರೂ ಅಲ್ಲ," ಅಂದ ನಯಾಜ್. "ಯಾರೂ ಅಲ್ದೋರೇ ಇದಕ್ಕೆ ಸರಿ. ಸ್ವಂತದೋರಿಗೆ ಕೈ ಬರಲ್ಲ."

ಬುಧವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಪಕ್ಕದ ಮನೆಯ ದ್ಯಾವಮ್ಮ ಹೊಸ್ತಿಲ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕಾವಲು ಕೂತಳು. ಗಂಡಸು ಹೆಂಗಸು ಇಬ್ಬರೇ ಇದ್ದರು ಅನ್ನುವ ಮಾತು ಬೀದಿಗೆ ಬರಬಾರದಲ್ಲ. ಮುರಿದು ಕೂಡಿಸಿದ ಮಣಿಕಟ್ಟಿನಿಂದ ಅವಳಿಗೆ ಬೇರೆ ಕೆಲಸವೂ ಆಗುತ್ತಿರಲಿಲ್ಲ.

ನಯಾಜ್ ಗೋಡೆಗೆ ಮೂರು ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. "ಇಲ್ಲಿ ಮನೇಗೆ. ಇಲ್ಲಿ ಬ್ಯಾರೆಯೋರಿಗೆ. ಇಲ್ಲಿ ಗುಜರಿಗೆ. ಒಂದು ಸಾಮಾನು ಎತ್ತಿದ್ರೆ ಮೂರರಲ್ಲಿ ಒಂದು ಕಡೆ ಹೋಗ್ಬೇಕು. ವಾಪಸ್ಸು ಒಳಗೆ ಮಾತ್ರ ಹೋಗ್ಬಾರ್ದು. 'ಆಮೇಲೆ ನೋಡನ' ಅನ್ನೋ ನಾಕ್ನೇ ಗುಡ್ಡೆ ಇಲ್ಲ."

"ಯಾವುದ್ರಿಂದ ಶುರು ಮಾಡನ?"

"ನೋಡಿದ್ರೆ ಹೊಟ್ಟೆ ಉರೀದೇ ಇರೋದ್ರಿಂದ. ಬಕೆಟ್ಟು, ಡಬ್ಬ, ಮಿಕ್ಸಿ. ಬಟ್ಟೆ, ಫೋಟೋ ಕೊನೆಗೆ. ಅದನ್ನ ಮೊದ್ಲು ಬಿಚ್ಚಿದೋರು ಅಲ್ಲೇ ಕೂತು ಅತ್ತು, ಕೆಲ್ಸ ನಿಲ್ಲಿಸ್ಬುಡ್ತಾರೆ."

"ನಾನು ಅಳೋಳಲ್ಲ."

"ಗೊತ್ತು," ಅಂದ. ಅದನ್ನು ಹೇಳುವಾಗ ಅವಳ ಕಡೆ ನೋಡಲಿಲ್ಲ. ನೋಡದೆ ಇರುವುದಕ್ಕೆ ಪಾಪ ಎಷ್ಟು ಕಷ್ಟಪಟ್ಟನೆಂದರೆ, ಬಕೆಟ್ಟೊಂದನ್ನು ಕಾಲ ಮೇಲೆ ಬೀಳಿಸಿಕೊಂಡ. ಜೀನತ್ ದುಪಟ್ಟಾದ ಸೆರಗನ್ನು ಬಾಯಿಗಿಟ್ಟುಕೊಂಡಳು. ಹದಿಮೂರು ದಿನದಲ್ಲಿ ಮೊದಲ ಸಲ ನಗು ಬಂದಿತ್ತು, ಅದೂ ಈ ಮನುಷ್ಯನಿಂದ ಬಂತಲ್ಲ ಅಂತ ಅವಳಿಗೆ ತನ್ನ ಮೇಲೇ ಕೋಪ ಬಂತು.

ಮಧ್ಯಾಹ್ನದ ಹೊತ್ತಿಗೆ ಆ ನಗುವೂ ಉಳಿಯಲಿಲ್ಲ. ಹನ್ನೊಂದು ರಜಾಯಿಯಲ್ಲಿ ಏಳನ್ನು ಇಲಿ ತಿಂದಿತ್ತು. ಒಂದರೊಳಗೆ ಕಣ್ಣು ಬಿಡದ ಮರಿಗಳು ಸತ್ತು ಒಣಗಿದ್ದವು. ಮಿಕ್ಸಿಯ ವೈರು ಮುಟ್ಟಿದರೆ ಪುಡಿಯಾಗುತ್ತಿತ್ತು. ಮಂಚದ ಪ್ಲಾಸ್ಟಿಕ್ ತೆಗೆದು ನಯಾಜ್ ಅದರ ಕಾಲನ್ನು ಹಿಡಿದು ಎತ್ತಿದ. ಕಾಲು ಕೈಗೆ ಬಂತು. ಗೆದ್ದಲು ಒಳಗೊಳಗೇ ತಿಂದು, ಪಾಲಿಷು ಮಾತ್ರ ಬಿಟ್ಟಿತ್ತು. ಯಾರೂ ಒಂದು ದಿನವೂ ಮಲಗದ ಮಂಚವನ್ನು ಅವನು ಕಸಬರಿಕೆಯಲ್ಲಿ ಗುಡಿಸಿದ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ಲು ನಿಮ್ಮವ್ವ," ಅಂದಳು ದ್ಯಾವಮ್ಮ.

ಜೀನತ್‌ಗೆ ಯಾರನ್ನಾದರೂ ಚುಚ್ಚಬೇಕಿತ್ತು. ಎದುರಿಗೆ ಅವನಿದ್ದ.

"ಕೊನೆಗೂ ಬೈಕು ತಕೊಂಡ್ರಾ?" ಕೇಳಿದಳು.

"ಯಾವ ಬೈಕು?"

"ನಿಮ್ಮಪ್ಪ ಕೇಳಿದ್ರು ಅಂತ ಅಮ್ಮಿ ಹೇಳಿದ್ದು. ಅದು ಕೊಡಾಕೆ ಆಗ್ನಿಲ್ಲ ಅಂತ್ಲೇ ತಾನೆ ನೀವು ಮದ್ವೆ ಪೈಗಾಮು ವಾಪಸ್ಸು ತಕೊಂಡಿದ್ದು?"

ನಯಾಜ್ ಕಸಬರಿಕೆ ಕೆಳಗಿಟ್ಟ.

"ನಾವು ಏನೂ ಕೇಳ್ನಿಲ್ಲ ಜೀನತ್. ನಮ್ಮಪ್ಪ ಇದೇ ಮನೇಲಿ ಕೂತ್ಕೊಂಡು, ಏನೂ ಬ್ಯಾಡ, ಉಟ್ಟ ಬಟ್ಟೇಲಿ ಹುಡುಗೀನ ಕಳಿಸಿ ಸಾಕು ಅಂದ. ನಿಮ್ಮಮ್ಮಿ ಎದ್ದು ಒಳಕ್ಕೆ ಹೋದ್ರು. ಮಾರ್ನೇ ದಿನ, ಹುಡುಗಿ ಒಲ್ಲೆ ಅಂತಾಳೆ ಅಂತ ಹೇಳಿ ಕಳಿಸಿದ್ರು. ನೀನೇ ಒಲ್ಲೆ ಅಂದೆ ಅಂದ್ಕೊಂಡು ಇಷ್ಟು ವರ್ಷ ಬದುಕಿದೀನಿ."

ಜೀನತ್ ದ್ಯಾವಮ್ಮನ ಕಡೆ ತಿರುಗಿದಳು. ದ್ಯಾವಮ್ಮ ಅವರೆಕಾಯಿಯಿಂದ ತಲೆ ಎತ್ತಲಿಲ್ಲ.

"ದಿಟ ಕಣವ್ವ. ನಾನೂ ಅಲ್ಲೇ ಕುಂತಿದ್ದೆ. ನಿಂಗೊತ್ತೈತೆ ಅಂದ್ಕಂಡಿದ್ದೆ. ನಿಮ್ಮವ್ವ ಬರಿಗೈಲಿ ಈ ಮನೆಗೆ ಬಂದೋಳು. ನಿಮ್ಮಜ್ಜಿ ಸಾಯೋಗಂಟ ಅವಳ್ನ ಹೆಸ್ರಿಡಿದು ಕೂಗ್ನಿಲ್ಲ, ಕೈ ಬೀಸ್ಕಂಡು ಬಂದೋಳೇ ಅಂತ್ಲೇ ಕೂಗಿದ್ದು. ಬ್ಯಾಡ ಅನ್ನೋರೇ ಆಮೇಲೆ ಜಾಸ್ತಿ ಹಂಗಿಸೋದು ದ್ಯಾವಿ, ನನ್ ಮಗಳ್ಗೆ ಅದು ಬ್ಯಾಡ ಅಂತಿದ್ಲು."

ಜೀನತ್ ಒಳಗೆ ಹೋಗಿ ಕೈಗೆ ಸಿಕ್ಕಿದ ಕವರನ್ನೆಲ್ಲ ಹರಿಯತೊಡಗಿದಳು. ಹಲ್ಲಲ್ಲಿ ಕಚ್ಚಿ ಹರಿದಳು. ತಟ್ಟೆಗಳು ನೆಲದ ಮೇಲೆ ಉರುಳಿ ಬೀದಿಯವರೆಗೆ ಸದ್ದಾಯಿತು. ಹದಿನೈದು ವರ್ಷ. ಇವನನ್ನು ಕಂಡು ಮುಖ ತಿರುಗಿಸಿದ ಒಂದೊಂದು ಬೆಳಿಗ್ಗೆಯೂ ನೆನಪಾಯಿತು. ಬೈಯಬೇಕೆಂದರೆ ಬೈಸಿಕೊಳ್ಳುವವಳಿಗೆ ತಿರುಗಿ ಒಂದು ಮಾತಾಡುವ ಶಕ್ತಿಯೂ ಇರಲಿಲ್ಲ. ಲಕ್ವ ಹೊಡೆದದ್ದು ಅಮ್ಮಿಗೋ ತನಗೋ ಅನ್ನಿಸಿತು.

"ಖಾಲಾಗೆ ಫೋನ್ ಮಾಡ್ತೀನಿ," ಅಂದಳು. ಖಾಲಾ ಅಂದರೆ ಆಸ್ಪತ್ರೆಯಲ್ಲಿ ಜೊತೆಗಿದ್ದ ಅಮ್ಮಿಯ ತಂಗಿ. "ಮನೇಗೆ ಕರ್ಕೊಂಡು ಬರ್ಬೇಡಿ, ಎಲ್ಲಾದ್ರೂ ಸೇರಿಸ್ಬುಡಿ ಅಂತೀನಿ. ನನ್ ಕೈಲಿ ಆ ಮುಖ ನೋಡಾಕೆ ಆಗಲ್ಲ."

ನಯಾಜ್ ತಟ್ಟೆಗಳನ್ನು ಒಂದೊಂದಾಗಿ ಆರಿಸಿ ಜೋಡಿಸುತ್ತಿದ್ದ. "ಮಾಡು. ನಿಂಗೆ ಆ ಹಕ್ಕೈತೆ. ಆದ್ರೆ ಜಾಗ ಇಲ್ಲ ಅಂತ ಮಾತ್ರ ಹೇಳ್ಬ್ಯಾಡ. ಜಾಗ ನಾನು ಮಾಡಿಕೊಡ್ತೀನಿ. ಬ್ಯಾಡ ಅನ್ನೋದಾದ್ರೆ, ಬ್ಯಾಡ ಅಂತ್ಲೇ ಹೇಳು."

ಅವಳು ಫೋನು ಕೈಯಲ್ಲಿ ಹಿಡಿದುಕೊಂಡು ಕೂತಳು. ಮಾಡಲಿಲ್ಲ.

ಗುರುವಾರ ತಟ್ಟೆ, ಹಂಡೆ, ಬೀರು ನಾಗಮಂಗಲದ ಒಂದು ಹಾಸ್ಟೆಲ್ಲಿಗೆ ಹೋದವು. ಬೇರೆ ಹುಡುಗಿಯ ಮದುವೆಗೆ ಕೊಡೋಣವೆಂದಿದ್ದಳು ಖಾಲಾ. ಜೀನತ್ ಫೋನಿನಲ್ಲೇ, "ಈ ರೋಗ ಇನ್ನೊಂದು ಮನೆಗೆ ಬ್ಯಾಡ," ಅಂದಳು. ಗೆದ್ದಲು ತಿಂದದ್ದು, ಇಲಿ ತಿಂದದ್ದು ಟೆಂಪೋದಲ್ಲಿ ಗುಜರಿಗೆ ಹೋಯಿತು. ಫ್ರಿಜ್ಜು ಅಡುಗೆಮನೆಗೆ ಬಂದು, ಪ್ಲಗ್ಗು ಹಾಕಿದರೆ ಗುರ್ರೆಂದು ಓಡಿತು. ಆಸ್ಪತ್ರೆ ಮಂಚ ಬಾಡಿಗೆಗೆ ಬಂತು. ಗೆದ್ದಲು ಮುಟ್ಟದೆ ಉಳಿದ ಮರದಲ್ಲಿ ನಯಾಜ್ ಒಂದೇ ಒಂದು ಹಲಗೆ ಬಡಿದ, ಜೀನತ್‌ಳ ಸೊಂಟಕ್ಕೂ ಕಣ್ಣಿಗೂ ನಡುವಿನ ಎತ್ತರದಲ್ಲಿ.

"ದಿನಾ ಬೇಕಾಗೋ ಮಾತ್ರೆ, ಬಟ್ಟೆ, ನೀರು ಇಲ್ಲಿ. ಬಗ್ಗಬಾರ್ದು, ಕಾಲ್ಬೆರಳ ಮೇಲೆ ನಿಲ್ಲಬಾರ್ದು. ನೆಲದ ಮೇಲೆ ಏನೂ ಮಡಗ್ಬ್ಯಾಡ. ಇದು ತುಂಬಿದ್ರೆ ಒಂದು ತೆಗೆದು ಇನ್ನೊಂದು ಮಡಗು. ಎರಡ್ನೇ ಹಲಗೆ ಕೇಳಿದ್ರೆ ಹಾಕಿಕೊಡಲ್ಲ."

"ಕೇಳಾಕೆ ಬ್ಯಾರೆ ಕಾರ್ಪೆಂಟರ್ ಇಲ್ವಾ ಊರಲ್ಲಿ?"

"ಅವ್ರ್ಯಾರೂ ನಿನ್ ಎತ್ತರ ಬಲ್ಲೋರಲ್ಲ."

ಟೇಪು ಹಿಡಿಯದೆಯೇ ಹಲಗೆ ಬಡಿದಿದ್ದ. ಜೀನತ್‌ಗೆ ಆಗ ಹೊಳೆದು, ಕಿವಿಯವರೆಗೂ ಬಿಸಿಯಾಯಿತು. ಆಮೇಲೆ ಅವನ ಮದುವೆಯ ವಿಷಯ ಕೇಳಿದಳು. ಎರಡು ವರ್ಷಕ್ಕೇ ಹೆಂಡತಿ ತಾನಾಗೇ ಬಿಡುಗಡೆ ಕೇಳಿ ಖುಲಾ ತಗೊಂಡು ಹೋದಳು ಅಂದ. "ತಪ್ಪು ಅವಳದಲ್ಲ. ಮನೇಲಿದ್ರೂ ನಾನಲ್ಲಿ ಇರ್ತಿರ್ನಿಲ್ಲ."

ಶುಕ್ರವಾರ ಪಾಂಡವಪುರ ದಾಟಿದೆವೆಂದು ಫೋನು ಬಂದಾಗ ಜೀನತ್ ರಜಾಯಿ, ಬೆಡ್‌ಶೀಟು ಹಾಸಿ ಮುಗಿಸಿದ್ದಳು. ಉಳಿದವುಗಳಲ್ಲಿ ಚೆನ್ನಾಗಿದ್ದ, ಗುಲಾಬಿ ಹೂವಿನ ಹೊಸ ಬೆಡ್‌ಶೀಟು. ಜುಮ್ಮಾ ನಮಾಜು ಮುಗಿಸಿ ನಯಾಜ್ ಬರುವುದಕ್ಕೂ ಆಂಬುಲೆನ್ಸು ನಿಲ್ಲುವುದಕ್ಕೂ ಸರಿಹೋಯಿತು.

ಮೆಹಬೂಬ್ ಬೀಯನ್ನು ಮಂಚಕ್ಕೆ ಹಾಕಿದರು. ಒಂದು ಕಡೆ ಜೋತುಬಿದ್ದ ಮುಖ. ಎಡಗಣ್ಣು ಕೋಣೆಯನ್ನೆಲ್ಲ ಸುತ್ತಿತು. ಖಾಲಿ ಗೋಡೆಗಳು. ಬೀರು ನಿಂತಿದ್ದ ಕಡೆ ಸುಣ್ಣದ ಬೇರೆ ಬಣ್ಣ. ಆಮೇಲೆ ಆ ಕಣ್ಣು ನಯಾಜ್‌ನ ಮೇಲೆ ಬಂದು ಅಲ್ಲೇ ನಿಂತಿತು.

"ಅಮ್ಮಿ," ಅಂದಳು ಜೀನತ್. ಎರಡು ದಿನ ಮನಸ್ಸಿನಲ್ಲೇ ಹೇಳಿ ಹೇಳಿ ಸಾಣೆ ಹಿಡಿದ ಮಾತು. "ಇವ್ರು ಬೈಕು ಕೇಳಿದ್ರಾ?"

ಅಮ್ಮಿ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು. ಮೆಲ್ಲಗೆ ಎಡಗೈ ಸರಿದಾಡತೊಡಗಿತು. ಮಗಳ ಕೈ ಹುಡುಕುತ್ತಿದೆ ಅಂದುಕೊಂಡು ಜೀನತ್ ಒಂದು ಹೆಜ್ಜೆ ಹಿಂದೆ ಸರಿದಳು. ಕೊಡುವ ಮನಸ್ಸಿರಲಿಲ್ಲ. ಆದರೆ ಆ ಕೈ ಹುಡುಕಿದ್ದು ಮಗಳ ಕೈಯನ್ನಲ್ಲ. ಬೆಡ್‌ಶೀಟಿನ ಅಂಚನ್ನು ಬೆರಳಲ್ಲಿ ಸವರಿ, ಹೊಸದೆಂದು ಗುರುತು ಹಿಡಿದು, ಮುದುರಿ ತನ್ನ ಮೈ ಕೆಳಗಿನಿಂದ ಎಳೆಯಲು ನೋಡಿತು. ಎಳೆಯಿತು, ಸೋತಿತು, ಮತ್ತೆ ಎಳೆಯಿತು. ಕೊಳೆಯಾಗಬಾರದು. ಮಗಳದ್ದು.

ಜೀನತ್ ಅಳುವವಳಲ್ಲ ಅಂದಿದ್ದಳು. ಅಮ್ಮಿಯ ಕಾಲ ಬಳಿ ಕುಸಿದು ಕೂತು, ಬಾಯಿ ಬಿಟ್ಟು ಅತ್ತಳು.

ಆಂಬುಲೆನ್ಸಿನವನಿಗೆ ಇದೆಲ್ಲ ಹೊಸದಲ್ಲ. ಸ್ವಲ್ಪ ಹೊತ್ತು ಕಾದು, "ಹೊರಳಿಸೋದು ತೋರಿಸ್ಬುಟ್ಟು ಹೋಯ್ತೀನಿ ಬನ್ನಿ. ಇಬ್ರು ಬೇಕು," ಅಂದ.

ದ್ಯಾವಮ್ಮ ಪಟ್ಟಿ ಕಟ್ಟಿದ ಮಣಿಕಟ್ಟು ತೋರಿಸಿದಳು. ಖಾಲಾ ಸಂಜೆಯ ಬಸ್ಸಿಗೆ ಹೊರಡಬೇಕಿತ್ತು. ಇನ್ನೊಂದು ಬದಿಗೆ ನಯಾಜ್ ಬಂದು ನಿಂತ. ಬೆಡ್‌ಶೀಟಿನ ಅಂಚನ್ನು ಮೈಗೆ ಹತ್ತಿರ ಸುರುಳಿ ಸುತ್ತಿ ಹಿಡಿಯಬೇಕು, ಬೆನ್ನಿನ ಕೆಳಗೆ ಇಬ್ಬರ ಕೈಯೂ ಸೇರಬೇಕು, ಒಂದೇ ಸಲ ಎತ್ತಬೇಕು. ಒಂದು, ಎರಡು, ಮೂರು. ಅಮ್ಮಿಯ ಭಾರದ ಕೆಳಗೆ ಅವನ ಬೆರಳು ಅವಳ ಬೆರಳಿಗೆ ಸಿಕ್ಕಿತು. ಒರಟು ಬೆರಳು, ಉಗುರಲ್ಲಿ ಫೆವಿಕಾಲು. ಹೊರಳಿಸಿ ಆದ ಮೇಲೂ ಇಬ್ಬರೂ ಕೂಡಲೇ ಕೈ ತೆಗೆಯಲಿಲ್ಲ.

ಆಂಬುಲೆನ್ಸು ಹೋಯಿತು. ಜೀನತ್ ಮುಖ ಒರೆಸಿಕೊಂಡಳು.

"ಇವಳ್ನ ಬುಟ್ಟು ನಾನೆಲ್ಗೂ ಬರಂಗಿಲ್ಲ," ಅಂದಳು. ಅವನನ್ನು ನೇರವಾಗಿ ನೋಡಿ ಹೇಳಿದಳು. "ಎಷ್ಟು ವರ್ಷವೋ ಗೊತ್ತಿಲ್ಲ. ಇವಳ್ನ ಕ್ಷಮಿಸೂ ಇಲ್ಲ. ಆದ್ರೂ ನಂಗೆ ನೀನು ಬೇಕು ನಯಾಜ್. ಆವಾಗ್ಲೂ ಬೇಕಿತ್ತು. ಮನೆ ಅಳಿಯ ಅಂತ ಊರೆಲ್ಲ ಆಡ್ಕೊಂಡು ನಗ್ತಾರೆ. ಯೋಚ್ನೆ ಮಾಡಿ ಹೇಳು."

ನಯಾಜ್ ಗೋಡೆಯ ಗಡಿಯಾರ ನೋಡಿದ. ಎರಡೂ ಕಾಲಾಗಿತ್ತು.

"ನಾಕೂ ಕಾಲಿಗೆ ಮತ್ತೆ ಹೊರಳಿಸ್ಬೇಕಲ್ಲ," ಅಂದ. "ಅಷ್ಟರೊಳಗೆ ಖಾಜಿ ಸಾಹೇಬ್ರನ್ನ ಕಂಡು ಮಾತಾಡ್ಕೊಂಡು ಬತ್ತೀನಿ."

ಅವನು ಚಪ್ಪಲಿ ಮೆಟ್ಟಿ ಬೀದಿ ತಿರುವಿನವರೆಗೆ ಹೋಗುವುದನ್ನು ಜೀನತ್ ನೋಡಿದಳು. ಒಳಗೆ ಬಂದಾಗ ಅಮ್ಮಿಯ ಕೈ ಇನ್ನೂ ಬೆಡ್‌ಶೀಟನ್ನು ಎಳೆಯುತ್ತಲೇ ಇತ್ತು. ಜೀನತ್‌ಳ ಸಿಟ್ಟು ಇಳಿದಿರಲಿಲ್ಲ. ಪಕ್ಕದಲ್ಲಿ ಕೂತು, ಆ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿ, ತನ್ನ ಕೈಯನ್ನು ಅದರೊಳಗೆ ಇಟ್ಟಳು.