ಇಸ್ಕ್ರಾಳ ಕೀಲಿಮಣೆ

ಸೋಮವಾರ ಬೆಳಿಗ್ಗೆ ಟೈಪಿಂಗ್ ಕೋಣೆಯ ಎಲ್ಲ ಕಂಪ್ಯೂಟರುಗಳ ಸೆಟ್ಟಿಂಗ್ ಅಳಿಸಿಹಾಕಿದ್ದರು. ಯಾರನ್ನೂ ಕೇಳಿರಲಿಲ್ಲ.

ಕೋರ್ಟಿನ ಸಾಕ್ಷಿಗಳ ಧ್ವನಿಮುದ್ರಣ ಕಿವಿಗೆ ಹಾಕಿಕೊಂಡು ಇಸ್ಕ್ರಾ ಎಂದಿನಂತೆ ಟೈಪ್ ಮಾಡತೊಡಗಿದಳು. ಪರದೆಯ ಮೇಲೆ ಮೂಡಿದ್ದು ಅರ್ಥವಿಲ್ಲದ ಅಕ್ಷರಗಳ ರಾಶಿ!

ಅವಳ ಬೆರಳುಗಳಿಗೆ ಗೊತ್ತಿದ್ದದ್ದು ಹಳೆಯ ಟೈಪ್‌ರೈಟರಿನ ಅಕ್ಷರ ಜೋಡಣೆ. ಬಲ್ಗೇರಿಯಾದ ರೂಸೆ ಊರಿನ ಬಂದರು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ಅಮ್ಮ, ಕಣ್ಣಿಗೆ ಬಟ್ಟೆ ಕಟ್ಟಿ ಕಲಿಸಿದ್ದು. ಈಗ ಯಂತ್ರದೊಳಗೆ ಬಂದು ಕೂತದ್ದು ಹೊಸಬರ ಜೋಡಣೆ. ಒಂದೊಂದು ಬಲ್ಗೇರಿಯನ್ ಅಕ್ಷರವೂ ಬೇರೆ ಜಾಗದಲ್ಲಿ!

ಬದಲಾಯಿಸಲು ಹೋದಳು. ಸೆಟ್ಟಿಂಗಿಗೇ ಬೀಗ ಹಾಕಿದ್ದರು.

ಅಷ್ಟರಲ್ಲಿ ಮೇಜಿನ ಕೆಳಗಿಂದ ಒಂದು ತಲೆ ಹೊರಬಂತು. ಕೂದಲ ತುಂಬ ಧೂಳು, ಕೈಯಲ್ಲೊಂದು ವೈರು.

“ನೀವೇನಾ ಇದನ್ನ ಮಾಡಿದ್ದು?”

“ನಾನು ಪ್ಲಾಮೆನ್. ಸೋಫಿಯಾದ ಮುಖ್ಯ ಕಚೇರಿಯಿಂದ ಕಂಪ್ಯೂಟರ್ ನೋಡ್ಕೊಳ್ಳೋಕೆ...”

“ಹೆಸರು ಕೇಳಿದ್ನಾ? ನನ್ನ ಕೈ ಕತ್ತರಿಸಿದ್ದು ನೀವೇನಾ ಅಂತ ಕೇಳ್ದೆ!”

ಅವನ ಬೂದುಗಣ್ಣುಗಳು ಅವಳ ಬೆರಳುಗಳ ಮೇಲೆ ನಿಂತವು. ಇಸ್ಕ್ರಾಳ ಎದೆ ಧಸಕ್ಕೆಂದಿತು... ಸಿಟ್ಟಿಗೇ ಇರಬೇಕು!

ಪಕ್ಕದ ಕುರ್ಚಿಯ ಸ್ತಾಂಕಾ ಅಕ್ಕನ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಅವಳು ದೊಡ್ಡದು ಮಾಡಿಟ್ಟುಕೊಂಡಿದ್ದ ಅಕ್ಷರಗಳೂ ಮತ್ತೆ ಚಿಕ್ಕದಾಗಿದ್ದವು.

“ಏನಪ್ಪಾ ಸೋಫಿಯಾದವನೇ, ಇರುವೆ ಸಾಲು ಓದೋಕೆ ಸಂಬಳ ಜಾಸ್ತಿ ಕೊಡಿಸ್ತೀಯಾ?”

ಅವನು ತಲೆ ತಗ್ಗಿಸಿದ. ಬಾಗಿಲಲ್ಲಿ ಮ್ಯಾನೇಜರ್ ತಾಂಚೆವಾ ನಿಂತಿದ್ದಳು.

“ಇನ್ಮೇಲೆ ಎಲ್ಲ ಯಂತ್ರಾನೂ ಒಂದೇ ಥರ. ಯಾರು ಬೇಕಾದ್ರೂ ಯಾವ ಕುರ್ಚೀಲಾದ್ರೂ ಕೂತು ಕೆಲಸ ಮಾಡ್ಬೇಕು. ಶುಕ್ರವಾರ ವೇಗ ನೋಡ್ತೀನಿ. ನಿಧಾನ ಆದವರು ಮನೆಗೆ.”

ಯಾರು ಬೇಕಾದರೂ ಕೂರಬಹುದಾದ ಕುರ್ಚಿಯಿಂದ ಯಾರನ್ನು ಬೇಕಾದರೂ ಎಬ್ಬಿಸಬಹುದು... ಇಸ್ಕ್ರಾಗೆ ಅರ್ಥವಾಗಿತ್ತು.

ಆಮೇಲಿನ ದಿನಗಳಲ್ಲಿ ಅವಳು ಕೂತಲ್ಲಿ ಕೂರಲಿಲ್ಲ. ಕೋಣೆಯಲ್ಲೇ ಅತ್ಯಂತ ವೇಗದವಳು ಈಗ ಕೋಳಿ ಕಾಳು ಹೆಕ್ಕಿದಂತೆ ಒಂದೊಂದೇ ಅಕ್ಷರ ಹುಡುಕುತ್ತಿದ್ದಳು. ಊಟ ಸೇರದು. ಬಸ್ಸಿನಲ್ಲೂ ಮೊಣಕಾಲಿನ ಮೇಲೆ ಬೆರಳುಗಳು ಓಡುತ್ತಿದ್ದವು, ಹಳೆಯ ಜೋಡಣೆಯಲ್ಲೇ! ಪ್ಲಾಮೆನ್ ಎದುರಾದಾಗಲೆಲ್ಲ ಒಂದು ಚುಚ್ಚುಮಾತು. ಅವನು ಏನೋ ಹೇಳಲು ಬಾಯಿ ತೆರೆಯುತ್ತಿದ್ದ. ಅವಳು ನಿಲ್ಲುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಊಟ ಮುಗಿಸಿ ಬಂದರೆ, ಅವಳ ಕುರ್ಚಿಯಿಂದ ಅವನೇ ಏಳುತ್ತಿದ್ದ.

“ಒಂದ್ಸಲ ಟೈಪ್ ಮಾಡಿ ನೋಡಿ...”

ಬೆರಳಿಟ್ಟಳು. ಅಮ್ಮ ಕಲಿಸಿದ ಅಕ್ಷರಗಳೆಲ್ಲ ಸರಸರ ಬಂದವು! ಸ್ತಾಂಕಾ ಅಕ್ಕನ ಪರದೆಯ ಇರುವೆಗಳೂ ದಪ್ಪಗಾಗಿದ್ದವು.

“ಸಂಜೆ ಯಂತ್ರ ಮಾತ್ರ ಆಫ್ ಮಾಡ್ಬೇಡಿ,” ಅಂದ.

“ಯಾಕೆ?”

ಹೊರಗೆ ತಾಂಚೆವಾಳ ಹೆಜ್ಜೆ ಸದ್ದು. ಅವನು ಅವಸರದಲ್ಲಿ ಹೊರಟುಹೋದ.

ಸಂಜೆ ಇಸ್ಕ್ರಾಳ ಬೆರಳು ಗುಂಡಿಯ ಮೇಲೆ ತಡವರಿಸಿತು. ‘ಅವತ್ತು ಕಿತ್ಕೊಂಡ, ಇವತ್ತು ಭಿಕ್ಷೆ ಹಾಕ್ದ. ಮೇಲೆ ಅಪ್ಪಣೆ ಬೇರೆ! ಇವನ್ಯಾರು ನಂಗೆ ಹೇಳೋಕೆ?’

ಒತ್ತಿದಳು. ಪರದೆ ಕಪ್ಪಾಯಿತು.

ಶುಕ್ರವಾರ ಬೆಳಿಗ್ಗೆ ಮತ್ತೆ ಅದೇ ಅರ್ಥವಿಲ್ಲದ ರಾಶಿ! ಅವಳು ನೇರ ಅವನ ಕೋಣೆಗೆ ನುಗ್ಗಿದಳು.

“ಆಟ ಆಡ್ತೀರಾ ನನ್ನ ಜೊತೆ? ಒಂದು ದಿನ ಕೊಟ್ಟು ಮರುದಿನ ಕಿತ್ಕೊಳ್ಳೋಕೆ ನಾನೇನು ಬೊಂಬೆನಾ?”

ಅವನ ಮುಖ ಬಿಳಿಚಿಕೊಂಡಿತು. “ಆಫ್ ಮಾಡಿದ್ರಾ...? ಅಯ್ಯೋ! ಮತ್ತೆ ಆನ್ ಮಾಡಿದಾಗಲೆಲ್ಲ ಸೋಫಿಯಾದಿಂದ ಆಜ್ಞೆ ಬಂದು ಎಲ್ಲಾ ಅಳಿಸಿಬಿಡುತ್ತೆ. ಬೀಗ ನಾನು ಕದ್ದು ತೆಗೆದಿದ್ದೆ.”

“ಅದನ್ನ... ಅದನ್ನ ಬಾಯಿಬಿಟ್ಟು ಹೇಳ್ಬಾರ್ದಿತ್ತಾ?”

“ನಿನ್ನೆ ಮೇಡಂ ಬಂದ್ಬಿಟ್ರು. ಉಳಿದ ದಿನ ಹೇಳೋಕೆ ಬಂದಾಗಲೆಲ್ಲ ಬೈತೀರಿ. ನೀವು ಬೈಯೋದನ್ನ ನೋಡ್ತಾ ನೋಡ್ತಾ ನಂಗೆ ಮಾತೇ ಮರೆತುಹೋಗುತ್ತೆ.”

ಇಸ್ಕ್ರಾಗೆ ಅಳುವೂ ನಗುವೂ ಒಟ್ಟಿಗೇ ಬಂತು.

“ನಿನ್ನೆ ನಿಮ್ಮ ಬೆರಳಿನ ಸದ್ದು ಗೋಡೆಯಾಚೆಯಿಂದ ಕೇಳ್ತಿತ್ತು,” ಅವನು ಮೆಲ್ಲಗೆ ಅಂದ. “ಕೆಲಸ ಬಿಟ್ಟು ಕೂತ್ಬಿಟ್ಟಿದ್ದೆ. ಬನ್ನಿ, ಈ ಸಲ ಇಡೀ ಕೋಣೆಯ ಬೀಗಾನೇ ಕಿತ್ತು ಹಾಕ್ತೀನಿ.”

ಅವಳ ಕುರ್ಚಿಯಲ್ಲಿ ಕೂತು ಕಿತ್ತೇಬಿಟ್ಟ. ಒಂದೊಂದು ಪರದೆಯೂ ಹಳೆಯ ಸೆಟ್ಟಿಂಗಿಗೆ ಮರಳಿ ತನ್ನವಳನ್ನು ಗುರುತು ಹಿಡಿಯಿತು. ಆಗಲೇ ಹಿಂದಿನಿಂದ ತಾಂಚೆವಾಳ ದನಿ:

“ಯಾರನ್ನ ಕೇಳಿ ಮಾಡ್ದೆ? ಎಲ್ಲಾ ವಾಪಸ್ ಅಳಿಸು. ನನ್ನ ಕಣ್ಣೆದುರೇ. ಇಲ್ದಿದ್ರೆ ಇವತ್ತೇ ಗಂಟುಮೂಟೆ ಕಟ್ಟು.”

“ನಮ್ಮನ್ನೂ ಅಳಿಸೋ ಗುಂಡಿ ಇದೆಯಾ ಮೇಡಂ?” ಸ್ತಾಂಕಾ ಅಕ್ಕ ಕೇಳಿದಳು.

ಪರದೆಯ ಮೇಲೆ ‘ಎಲ್ಲ ಅಳಿಸಲೇ?’ ಎಂಬ ಪ್ರಶ್ನೆ ಕಾಯುತ್ತಿತ್ತು. ಒಂದು ಕೀಲಿ ಒತ್ತಿದರೆ ಅವನ ಕೆಲಸ ಉಳಿಯುತ್ತಿತ್ತು, ಅವಳದ್ದು ಹೋಗುತ್ತಿತ್ತು.

ಇಸ್ಕ್ರಾ ಬಗ್ಗಿ ಅವನ ಕಿವಿಯ ಬಳಿ ಉಸುರಿದಳು. “ಒತ್ಬಿಡು, ಪ್ಲಾಮೆನ್... ನಾನು ಬೇರೆ ಕಡೆ ಹುಡುಕ್ಕೋತೀನಿ. ನೀನು ಬೀದಿಗೆ ಬಿದ್ರೆ ನಂಗೆ ತಡ್ಕೊಳ್ಳೋಕಾಗಲ್ಲ.”

“ಯಾಕಾಗಲ್ಲ?”

“ಈಗ ಕೇಳೋ ಪ್ರಶ್ನೆನಾ ಅದು? ದಡ್ಡ! ನೀನಂದ್ರೆ ನಂಗೆ...” ಅವನ ಭುಜ ತಳ್ಳಿದಳು. “ಒತ್ತು ಅಂದೆ!”

“ಒತ್ತಯ್ಯಾ!” ತಾಂಚೆವಾ ಅಬ್ಬರಿಸಿದಳು.

ಅವನು ಕೀಲಿಮಣೆಯಿಂದ ಕೈ ತೆಗೆದ. ಇಸ್ಕ್ರಾಳ ಬೆರಳುಗಳನ್ನು ಎಲ್ಲರೆದುರೇ ಬಿಗಿಯಾಗಿ ಹಿಡಿದುಕೊಂಡ.

“ಇಬ್ರಿಗೂ ಒಂದೇ ಉತ್ತರ,” ಅವಳನ್ನೇ ನೋಡುತ್ತಾ ಅಂದ. “ಒತ್ತಲ್ಲ.”