ಈಜು ಮೇಷ್ಟ್ರ ಉಪವಾಸ

"ದಿನಕ್ಕೆ ಎಷ್ಟು ಸಲ ಪ್ರಾರ್ಥನೆ ಮಾಡ್ತೀನಿ ಅಂತ ನಿಮಗ್ಯಾಕ್ರೀ ಹೇಳ್ಬೇಕು?"

ಫೋನಿನ ಆ ಕಡೆ ಸಿಡುಕಿದ ಗಂಡಸಿಗೆ ಅವಳು ತಾಳ್ಮೆಯಿಂದಲೇ ಹೇಳಿದಳು.

"ಸರ್, ಇದು ಸಮೀಕ್ಷೆ. ಈ ಸಾಂಕ್ರಾಮಿಕದ ಕಾಲದಲ್ಲಿ ದೇವರನ್ನ ನಂಬೋರು ಏನು ತಿಂತಾರೆ, ಎಷ್ಟು ವ್ಯಾಯಾಮ ಮಾಡ್ತಾರೆ ಅಂತ ತಿಳ್ಕೊಳ್ಳೋಕೆ. ತಿಂಗಳಿಗೊಂದು ಸಲ, ನಾಲ್ಕೇ ಸಲ ಫೋನ್ ಮಾಡ್ತೀವಿ."

"ನೀವು ನಂಬ್ತೀರಾ?"

"ನಾನು ಕೇಳೋಳು ಸರ್, ಹೇಳೋಳಲ್ಲ."

ಆತ ನಕ್ಕುಬಿಟ್ಟ. ಆ ನಗುವೇ ಎಲ್ಲ ಕೆಡಿಸಿದ್ದು!

ಆತ ಈಜು ಕಲಿಸುವ ಮೇಷ್ಟ್ರು. ಈಜುಕೊಳಕ್ಕೆ ಬೀಗ ಬಿದ್ದಿತ್ತು, ನೀರೂ ಖಾಲಿ. ಕಾವಲಿಗೆಂದು ಅಲ್ಲೇ ಒಂದು ಕೋಣೆಯಲ್ಲಿದ್ದ. ಬೆಳಿಗ್ಗೆ ಎದ್ದು ಕೊಳದ ಸುತ್ತ ನಲವತ್ತು ಸುತ್ತು ನಡಿಗೆ, ಸುತ್ತಿಗೊಂದು ಪ್ರಾರ್ಥನೆ.

"ಇದನ್ನ ವ್ಯಾಯಾಮ ಅಂತ ಬರೀತೀರೋ, ಪ್ರಾರ್ಥನೆ ಅಂತಲೋ?"

ಅವಳ ನಮೂನೆಯಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ. ಹತ್ತು ನಿಮಿಷ ಜಗಳವಾಡಿ ಎರಡರಲ್ಲೂ ಬರೆದಳು, ಮೇಲಧಿಕಾರಿಯಿಂದ ಬೈಸಿಕೊಂಡಳು. ಬೈಸಿಕೊಂಡೂ ಒಬ್ಬಳೇ ನಗುತ್ತಿದ್ದ ಮಗಳನ್ನು ಕಂಡು ಅಮ್ಮ, "ಇವಳಿಗೇನು ಬಂತಪ್ಪಾ!" ಅಂದರು.

ಎರಡನೇ ಸಲ ಮಾತು ಮುಕ್ಕಾಲು ಗಂಟೆ ಎಳೆಯಿತು. ಇದ್ದ ಪ್ರಶ್ನೆಗಳು ಹನ್ನೆರಡೇ!

"ಉಪವಾಸ ಮಾಡ್ತೀರಾ?"

"ಅಯ್ಯೋ, ಹಸಿವು ತಡ್ಕೊಳ್ಳೋದು ಅಂದ್ರೆ ನನ್ನ ಕೈಲಾಗಲ್ಲ ರೀ!"

ಮೂರನೇ ಸಲಕ್ಕೆ ಅವಳೇ ಇರಲಿಲ್ಲ. ಊರನ್ನೆಲ್ಲ ಕಾಡಿದ ರೋಗ ಅವಳನ್ನೂ ಹದಿನೇಳು ದಿನ ಆಸ್ಪತ್ರೆಯಲ್ಲಿ ಮಲಗಿಸಿತ್ತು. ಆತನಿಗೆ ಫೋನ್ ಮಾಡಿದ್ದು ಅವಳ ಸಹೋದ್ಯೋಗಿ.

ನಾಲ್ಕನೆಯದೇ ಕೊನೆಯದು. ಅದು ಮುಗಿದ ಕೂಡಲೇ ನಂಬರುಗಳನ್ನೆಲ್ಲ ಅಳಿಸಿಹಾಕುವುದು ಕಚೇರಿಯ ನಿಯಮ. ಆಮೇಲೆ ಆತ ಯಾರೋ, ಇವಳು ಯಾರೋ. ಇವತ್ತು ಹೇಳಿಯೇಬಿಡಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹಿಂದಿನ ತಿಂಗಳ ನಮೂನೆ ತೆರೆದಳು.

ಉಪವಾಸ: ಇವತ್ತಿನಿಂದ ಶುರು, ದಿನಕ್ಕೊಂದೇ ಊಟ. ಕಾರಣ: ಒಬ್ಬಳು ಹುಷಾರಾಗಲೆಂದು ಹರಕೆ.

ಒಬ್ಬಳು!

ಯಾರವಳು? ಹೆಂಡತಿಯಾ? ಎಂಥ ಪೆದ್ದಿ ನಾನು... ಕೇಳಬೇಕಾದ ಒಂದು ಪ್ರಶ್ನೆ ಬಿಟ್ಟು ಮಿಕ್ಕಿದ್ದನ್ನೆಲ್ಲ ಕೇಳಿದೆ!

ಆದರೂ ಕೆಲಸ ಕೆಲಸವೇ. ಕಣ್ಣೊರೆಸಿಕೊಂಡು ಫೋನ್ ಮಾಡಿದಳು.

"ನಮಸ್ಕಾರ ಸರ್, ಸಮೀಕ್ಷೆಯಿಂದ. ಉಪವಾಸ ಇನ್ನೂ ನಡೀತಿದ್ಯಾ?"

ಆ ಕಡೆ ಏನೋ ಕೆಳಗೆ ಬಿದ್ದ ಸದ್ದು.

"ಸರ್?"

"...ಈ ಕ್ಷಣದವರೆಗೂ ನಡೀತಿತ್ತು."

"ಯಾರಿಗೋಸ್ಕರ ಮಾಡಿದ್ರೋ, ಅವರು... ಈಗ ಹೇಗಿದ್ದಾರೆ?"

"ಧ್ವನಿ ಸ್ವಲ್ಪ ಇಳಿದಿದೆ. ಮಾತಾಡ್ತಿದ್ದಾರಲ್ಲ, ಅಷ್ಟು ಸಾಕು ನನಗೆ."

ಅದು ತನ್ನ ಬಗ್ಗೆಯೇ ಅಂತ ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ನಾನಾ...?"

"ಇನ್ಯಾರು? 'ಅವರೆಲ್ಲಿ' ಅಂದೆ. ನಿಮ್ಮ ಜೊತೆಯವರು 'ಆಸ್ಪತ್ರೆಯಲ್ಲಿದ್ದಾರೆ' ಅಂದ್ರು ಅಷ್ಟೇ, ಎಲ್ಲಿ, ಹೇಗಿದ್ದೀರ, ಏನೂ ಹೇಳ್ಲಿಲ್ಲ. ನಾನೇನು ಮಾಡ್ಲಿ ಹೇಳಿ? ನನಗೆ ಗೊತ್ತಿದ್ದಿದ್ದು ಹರಕೆ ಒಂದೇ. ನಿಮ್ಮ ವಿಷಯ ಕೇಳಿ ಕೇಳಿ ದೇವರಿಗೂ ಸಾಕಾಗಿರ್ಬೇಕು!"

ಅವಳು ಬಿಕ್ಕಿದಳು. "ನನಗೆ ದೇವರು ಅಂದ್ರೆ ಅಷ್ಟಕ್ಕಷ್ಟೇ ಮೇಷ್ಟ್ರೇ..."

"ಇರಲಿ ಬಿಡಿ. ನಿಮ್ಮ ಪಾಲಿನದೂ ಸೇರಿಸಿ ನಾನೇ ನಂಬ್ತೀನಿ."

"ನಿಮ್ಮನ್ನ ಬಿಟ್ಟಿರೋಕಾಗಲ್ಲ ನನಗೆ. ಅದನ್ನ ಹೇಳೋಕೇ ಇವತ್ತು..."

"ಹೇಳಿ. ಇನ್ನೊಂದು ಸಲ ಹೇಳಿ."

"ಮೊದಲು ಊಟ ಮಾಡಿ!"

"ಈಗ್ಲೇನಾ? ಫೋನ್ ಇಟ್ಟು..."

"ಇಡಬೇಡಿ. ಪಕ್ಕದಲ್ಲಿಟ್ಕೊಂಡು ತಿನ್ನಿ."

ತಟ್ಟೆಯ ಸದ್ದು. ನೀರು ಬಗ್ಗಿಸಿದ ಸದ್ದು. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು.

"ಇದ್ದೀರಾ?" ತುಂಬಿದ ಬಾಯಲ್ಲೇ ಕೇಳಿದ.

"ಇದ್ದೀನಿ. ಇನ್ನೊಂದು ತುತ್ತು..."